ಸೋದರಮಾವನ ಅಡ್ಡಹೆಸರು

ಗದಗ
2 ಏಪ್ರಿಲ್ 2008

ತಮ್ಮ ತಿಪ್ಪಣ್ಣಗ,

ನನ್ನ ಕಿವಿ ಪೂರ್ತಿ ಹೋಗ್ಯಾವ. ಫೋನಿನ್ಯಾಗ ನೀ ಏನ ಒದರಿದ್ರೂ ಜೇನಹುಳದ ಸಪ್ಪಳ ಕೇಳಿದಂಗ ಆಗತೈತಿ. ಅದಕ್ಕ ಬರಿಯಾಕತ್ತೀನಿ. ಖಾನಾವಳಿ ಮಂದಿ ಉಂಡು ಹೋದ ಮ್ಯಾಲ ರೊಟ್ಟಿ ಬಡಿಯೂ ಕಲ್ಲಿನ ಬಾಜೂಕ ಕುಂತು ಬರದದ್ದಿದು. ಹಾಳಿಗೆ ಹಿಟ್ಟು ಹತ್ತಿದ್ರ ಬೈಬ್ಯಾಡ.

ಸ್ವಪ್ನಾ ಮದುವಿ ಆಗತಾಳಂತ. ಮೂವತ್ತಾರು ತುಂಬಿದ ಮ್ಯಾಲರೆ ಮಗಳಿಗೆ ಬುದ್ಧಿ ಬಂತು ಅಂತ ಖುಷಿ ಪಡೂದ್ರಾಗ ಹುಡುಗನ ಹೆಸರು ತಿಳೀತು. ಬ್ರೆಂಡನ್ ಶುಗ್ರೂ. ಐರ್ಲೆಂಡ್ ಅನ್ನೂ ದೇಶದ ಮಂದಿಯಂತ, ಹುಟ್ಟಿದ್ದು ಅಮೆರಿಕಾದಾಗಂತ, ವಯಸ್ಸು ನಲವತ್ತಂತ. ನಲವತ್ತರ ತನಕ ಅವಗ ಯಾರೂ ಯಾಕ ಹೆಣ್ಣು ಕೊಡಲಿಲ್ಲ? ಮೊದಲ ಅದನ್ನ ಕೇಳು.

ಜಾತಿ ಬ್ಯಾರೆ, ದೇಶ ಬ್ಯಾರೆ, ಅದರ ಮ್ಯಾಲ ಅತ್ತು ಮುಗಿಸೀನಿ. ಆದ್ರ ಮನಷ್ಯಾ ಅಂದ ಮ್ಯಾಲ ಒಂದು ಮನೆತನ ಇರಬೇಕಲ್ಲ. ಆ ಅಡ್ಡಹೆಸರು ಎಲ್ಲಿಂದ ಬಂತು, ಆ ಹೆಸರಿನವರು ಯಾವ್ಯಾವ ಊರಾಗ ಅದಾರ, ಬೆಡಗು ಯಾವುದು, ಯಾರಿಗೆ ಹೆಣ್ಣು ಕೊಟ್ಟಾರ, ಯಾರಿಂದ ತಂದಾರ. ನೀ ಮೂವತ್ತು ವರ್ಷ ಗದಗ-ರೋಣ ಬಸ್ಸಿನ ಕಂಡಕ್ಟರ್ ಆಗಿ ಅರ್ಧ ಜಿಲ್ಲಾದ ಮನೆತನ ಸೋಸಿದಾಂವ. ಗಿರಣ್ಯಾಗ ಹಿಟ್ಟು ಬೀಸಿಸಿಕೋತ ಕುಂತು, ವರಗ ಮೊದಲ ಒಂದು ಮದುವಿ ಆಗೇತಿ ಅಂತ ಪತ್ತೆ ಹಚ್ಚಿದಾಂವ. ಈಗ ಅಮೆರಿಕಾಕ್ಕ ಹೋಗಿ ಮಗನ ಮನಿಯಾಗ ಆರು ತಿಂಗಳು ಸುಮ್ಮನ ಕುಂತೀಯಲ್ಲ, ಈ ಒಂದು ಕೆಲಸ ಮಾಡು.

ನೀ ‘ಸರಿ ಐತಿ’ ಅಂತ ಬರದ್ರ ನಾ ವಿಮಾನ ಹತ್ತಿ ಬಂದು ಅಕ್ಷತಿ ಹಾಕತೀನಿ. ಇಲ್ಲಂದ್ರ ಬರೂದಿಲ್ಲ. ಸ್ವಪ್ನಾಗೂ ಹಂಗ ಹೇಳೀನಿ. ‘ನೀ ಬರದಿದ್ರೂ ಆಗತೀನಿ, ಆದ್ರ ಮತ್ತ ಗದಗಕ್ಕ ಕಾಲಿಡೂದಿಲ್ಲ’ ಅಂತ ಉತ್ತರ ಬಂದೈತಿ. ಅಕಿನೂ ನನ್ನ ಮಗಳ, ಹಠದಾಗ ಕಡಿಮಿ ಇಲ್ಲ. ಈ ಗಂಟು ಬಿಚ್ಚೂದು ನಿನ್ನ ಕೈಯಾಗ ಐತಿ.

ನಿನ್ನ ಅಕ್ಕ
ಬಸವಣ್ಣೆವ್ವ


ಎಜುಕೇಶನ್ ಹಿಲ್, ರೆಡ್ಮಂಡ್
24 ಏಪ್ರಿಲ್ 2008

ಅಕ್ಕನಿಗೆ ತಿಪ್ಪಣ್ಣನ ನಮಸ್ಕಾರ.

ನಿನ್ನ ಪತ್ರ ತಲುಪಿದ ರವಿವಾರವೇ ಹುಡುಗನನ್ನು ನೋಡಿದೆ. ಬಾಥೆಲ್ ಕಡೆಯ ಗುಡಿಗೆ ಸ್ವಪ್ನಾ ಕರೆದುಕೊಂಡು ಬಂದಿದ್ದಳು. ಎತ್ತರದ ಆಳು, ಕೆಂಪು ಗಡ್ಡ. ಬೂಟು ಬಿಚ್ಚಿ, ಕಾಲುಚೀಲ ಮಡಚಿ ಬೂಟಿನೊಳಗೇ ಇಟ್ಟ. ಬಂದವನೇ ನನ್ನ ಕಾಲಿಗೆ ಬಿದ್ದ. ಹೀಗೆ ಮೊದಲೇ ಕಲಿತು ಬಂದವರ ಮೇಲೆ ನನಗೆ ನಂಬಿಕೆ ಕಡಿಮೆ. ಕೇಳುವ ಮುಂಚೆಯೇ ಟಿಕೆಟ್ ತೋರಿಸುತ್ತಿದ್ದವನ ಟಿಕೆಟ್ಟನ್ನು ನಾನು ಬಸ್ಸಿನಲ್ಲಿ ಎರಡು ಸಲ ನೋಡುತ್ತಿದ್ದೆ.

ದೊಡ್ಡ ದೊಡ್ಡ ಫ್ರಿಜ್ ರಿಪೇರಿ ಮಾಡುವುದು ಅವನ ಕೆಲಸ. ಸ್ವಪ್ನಾಳ ಲ್ಯಾಬಿನಲ್ಲಿ ಔಷಧ ಇಡುವ ತಣ್ಣನೆಯ ಕೋಣೆ ಕೆಟ್ಟಾಗ ಬಂದವನು, ಆಮೇಲೆ ಕೆಡದಿದ್ದಾಗಲೂ ಬಂದನಂತೆ. ಬೆಡಗು ಎಂದರೇನು ಎಂದು ಅವನಿಗೆ ತಿಳಿಸಿ ಹೇಳಿದೆ. ಒಂದು ಬೆಡಗಿನವರೆಲ್ಲ ಒಡಹುಟ್ಟಿದವರ ಲೆಕ್ಕ, ಅವರವರೊಳಗೆ ಹೆಣ್ಣು ಕೊಡುವುದೂ ಇಲ್ಲ ತರುವುದೂ ಇಲ್ಲ ಎಂದೆ. ನಕ್ಕು, ‘ನಮ್ಮ ಹಿರಿಯರು ಕೆರ್ರಿಯವರು, ಅಷ್ಟೇ ಗೊತ್ತು’ ಎಂದ. ಅಷ್ಟೇ ಗೊತ್ತು ಎನ್ನುವವನಿಗೆ ಸಾಮಾನ್ಯವಾಗಿ ಹೆಚ್ಚೇ ಗೊತ್ತಿರುತ್ತದೆ.

ಅವನ ತಾಯಿಯ ಮನೆ ಶೋರ್‌ಲೈನಿನಲ್ಲಿದೆ. ಸೊಸೆ ಪೂರ್ಣಿಮಾಳಿಂದ ಕಾರು ಹೊಡೆಸಿಕೊಂಡು ಹೋಗಿ, ಅಲ್ಲಿಯ ಕ್ಷೌರದಂಗಡಿಯಲ್ಲಿ ಬೇಡದ ಕ್ಷೌರ ಮಾಡಿಸಿಕೊಂಡೆ. ಶುಗ್ರೂ ಮನೆಯವರು ಹೇಗೆ ಎಂದು ಕೇಳಿದೆ. ಕ್ಷೌರಿಕ ವಿಯೆಟ್ನಾಮಿನವನು, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಅವನಿಗೆ ತಿಳಿಯದು. ಈ ದೇಶದಲ್ಲಿ ಕ್ಷೌರಿಕನಿಗೇ ಊರ ಸುದ್ದಿ ಇಲ್ಲ ಎಂದ ಮೇಲೆ ಇನ್ನು ಯಾರನ್ನು ಕೇಳುವುದು.

ಕೊನೆಗೆ ಪೂರ್ಣಿಮಾ ಲೈಬ್ರರಿಗೆ ಕರೆದೊಯ್ದಳು. ಅಲ್ಲಿ ವಾರಕ್ಕೊಮ್ಮೆ ವಂಶಾವಳಿ ಹುಡುಕಿಕೊಡುವ ಮುದುಕಿಯರು ಕೂರುತ್ತಾರೆ, ನಮ್ಮ ಹೆಳವರ ಹಾಗೆ. ಎತ್ತಿನ ಮೇಲೆ ಬರುವುದಿಲ್ಲ, ಹಾಡುವುದಿಲ್ಲ, ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಐರ್ಲೆಂಡಿನ ಹಳೆಯ ಜಮೀನು ದಾಖಲೆ ತೆಗೆದು ಒಬ್ಬ ಅಜ್ಜಿ ನಕಾಶೆಯ ಮೇಲೆ ಬೆರಳಿಟ್ಟಳು. ದೇಶದ ನೈಋತ್ಯ ಮೂಲೆಯಲ್ಲಿ ಕೆರ್ರಿ ಜಿಲ್ಲೆ, ಅದರಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ನೆಲ, ಅಲ್ಲಿ ಕಾಹರ್‌ಸಿವೀನ್ ಎಂಬ ಊರು. ಶುಗ್ರೂಗಳು ಬಹುಪಾಲು ಅದರ ಸುತ್ತಲೇ ಇದ್ದಾರೆ. ಬೇರೆ ಜಿಲ್ಲೆಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಮೊದಲು ಹೆಸರಿನ ಹಿಂದೆ ‘ಓ’ ಎಂದಿತ್ತಂತೆ, ಓ ಎಂದರೆ ಮೊಮ್ಮಗ, ವಂಶದವ. ಉತ್ತರದ ಕಡಲಿನಿಂದ ಹಡಗಿನಲ್ಲಿ ಬಂದವರ ಹೆಸರೊಂದು ಅಲ್ಲಿಯ ಬಾಯಲ್ಲಿ ಸವೆದು ಶುಗ್ರೂ ಆಯಿತಂತೆ. ಗಂಡಿನಿಂದ ಗಂಡಿಗೆ ಇಳಿದು ಬಂದ ಹೆಸರು.

ನಮ್ಮಲ್ಲಿ ನವಲಗುಂದ ಎಂಬ ಅಡ್ಡಹೆಸರಿನವರು ನವಲಗುಂದ ಬಿಟ್ಟು ಎಲ್ಲ ಕಡೆ ಸಿಗುತ್ತಾರೆ, ಊರು ಬಿಟ್ಟವನಿಗೇ ಊರಿನ ಹೆಸರು. ಇವರದು ತಿರುವು ಮುರುವು. ಹೆಸರು ಹುಟ್ಟಿದ ಜಾಗ ಬಿಟ್ಟು ಕದಲಿಯೇ ಇಲ್ಲ. ಹುಡುಗ ಕೆರ್ರಿ ಎಂದದ್ದು ನಿಜವಿರಬಹುದು. ಆದರೂ ನನಗೆ ಇನ್ನೂ ಸಮಾಧಾನವಿಲ್ಲ.

ನಿನ್ನ ತಮ್ಮ
ತಿಪ್ಪಣ್ಣ


ಗದಗ
14 ಮೇ 2008

ತಿಪ್ಪಣ್ಣ,

ನಿನಗ ಸಮಾಧಾನ ಇಲ್ಲಂದ್ರ ನನಗ ಎಲ್ಲಿಂದ ಬರಬೇಕು? ನಿನ್ನ ಪತ್ರ ಎರಡು ಸಲ ಓದೀನಿ. ನಕಾಶಿ ತೋರಿಸಿದ ಅಜ್ಜಿಗೆ ನೀ ಒಂದು ಮಾತು ಕೇಳಬೇಕಿತ್ತು. ಒಂದ ಹೆಸರಿನವರು ಒಂದ ಕಡೆ ಅಷ್ಟು ಮಂದಿ ತುಂಬಿಕೊಂಡ್ರ ಅವರು ಹೆಣ್ಣು ಎಲ್ಲಿಂದ ತರತಾರ? ಆಚೀಕ ಸಮುದ್ರ, ಈಚೀಕ ಎಲ್ಲಾ ಅವರ. ನನಗ ಯಾಕೋ ವಾಸನಿ ಹೊಡಿಯಾಕತ್ತೈತಿ. ಖಾನಾವಳಿ ನಡಿಸಿ ನಡಿಸಿ, ಹಳಸಿದ್ದು ಮುಚ್ಚಳ ತಗಿಯೂಕಿಂತ ಮೊದಲ ನನಗ ತಿಳೀತೈತಿ.

ಹುಡುಗನ್ನ ಬಿಡು, ಅವನ ತಾಯಿನ್ನ ನೋಡು. ಮನಿಯೊಳಗ ಹೋಗು. ಒಲಿ ನೋಡು, ಗ್ವಾಡಿ ಮ್ಯಾಲ ಯಾರ ಫೋಟೋ ಹಾಕ್ಯಾರ ನೋಡು. ಗಂಡ ಸತ್ತಾಕಿ ಅಂತ ಸ್ವಪ್ನಾ ಬರದಿದ್ಲು. ಹ್ಯಾಂಗ ಸತ್ತ, ಎಲ್ಲಿ ಸತ್ತ, ಅವನ ಅಣ್ಣತಮ್ಮಂದಿರು ಎಲ್ಲಿ ಅದಾರ, ಎಲ್ಲಾ ಕೇಳು. ಕೇಳಾಕ ನಾಚಬ್ಯಾಡ. ಮದುವಿ ಆದ ಮ್ಯಾಲ ಕೇಳಿದ್ರ ಜಗಳ, ಮೊದಲ ಕೇಳಿದ್ರ ವಿಚಾರಣಿ.

ಬಸವಣ್ಣೆವ್ವ


ಎಜುಕೇಶನ್ ಹಿಲ್
9 ಜೂನ್ 2008

ಅಕ್ಕ,

ನಿನ್ನ ಮೂಗು ಸುಳ್ಳಾಗಲಿಲ್ಲ.

ಶನಿವಾರ ಶೋರ್‌ಲೈನಿಗೆ ಊಟಕ್ಕೆ ಹೋಗಿದ್ದೆವು, ನಾನು, ಪೂರ್ಣಿಮಾ, ಸ್ವಪ್ನಾ. ತಾಯಿಯ ಹೆಸರು ನೋರಾ. ಅರವತ್ತರ ಹೆಂಗಸು, ಸಣಕಲು ದೇಹ, ಕೈ ಮಾತ್ರ ನಿನ್ನ ಕೈಯ ಹಾಗೆ ದಪ್ಪಗೆ ಕೆಂಪಗೆ. ಶಾಲೆಯ ಅಡುಗೆಮನೆಯಲ್ಲಿ ದುಡಿದವಳಂತೆ. ನಾವು ಮಾಂಸ ತಿನ್ನುವುದಿಲ್ಲ ಎಂದು ಬಟಾಟೆ ಮತ್ತು ಕೋಬಿ ಬೇಯಿಸಿ, ಬೆಣ್ಣೆ ಹಾಕಿ ಕಲಸಿಟ್ಟಿದ್ದಳು. ಉಪ್ಪು ಬಿಟ್ಟರೆ ಬೇರೆ ರುಚಿ ಇಲ್ಲ, ಆದರೆ ಚಹಾ ನಮ್ಮ ಬಸ್‌ಸ್ಟ್ಯಾಂಡಿನ ಚಹಾದಷ್ಟೇ ಗಟ್ಟಿ. ಮಾತು ಕಡಿಮೆ. ನಾನು ಏನಾದರೂ ಕೇಳಿದರೆ ಮೊದಲು ಮಗನ ಮುಖ ನೋಡುತ್ತಿದ್ದಳು.

ಗೋಡೆಯ ಮೇಲೆ ಒಂದೇ ದೊಡ್ಡ ಫೋಟೋ. ತಲೆಗೆ ಟೋಪಿ ಹಾಕಿದ ಯುವಕನೊಬ್ಬ ಹಸುವಿನ ಕೊರಳು ಹಿಡಿದು ನಿಂತಿದ್ದ. ಗಂಡನ ಫೋಟೋ ಇರಬೇಕಾದ ಜಾಗ. ‘ಇವರು ನಿಮ್ಮ ತಂದೆಯೇ?’ ಎಂದು ಬ್ರೆಂಡನ್‌ಗೆ ಕೇಳಿದೆ. ‘ಅಲ್ಲ, ಅಮ್ಮನ ಅಣ್ಣ. ಊರಲ್ಲೇ ಇದ್ದಾರೆ. ಮೈಕಲ್ ಶುಗ್ರೂ’ ಎಂದ.

ನನ್ನ ಕೈಯಲ್ಲಿದ್ದ ಚಮಚ ಅಲ್ಲಿಗೇ ನಿಂತಿತು. ಸೋದರಮಾವನೂ ಶುಗ್ರೂ, ಅಳಿಯನೂ ಶುಗ್ರೂ. ತಾಯಿಯ ತವರಿನ ಅಡ್ಡಹೆಸರು ಮಗನಿಗೆ ಹೇಗೆ ಬಂತು? ಸ್ವಪ್ನಾ ಸುಮ್ಮನೆ ಬಟಾಟೆ ತಿನ್ನುತ್ತಿದ್ದಳು. ಹದಿಮೂರು ವರ್ಷ ಇಲ್ಲಿದ್ದು ಅವಳಿಗೆ ಆ ಎಚ್ಚರ ಹೋಗಿದೆ. ಪೂರ್ಣಿಮಾಳಿಗೆ ಆಮೇಲೆ ಹೇಳಿದರೆ, ‘ಅದಕ್ಕೇನೀಗ ಮಾವ, ನಮ್ಮ ಮೈಸೂರಲ್ಲಿ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಅಷ್ಟೇ’ ಎಂದಳು. ಅಡ್ಡಹೆಸರಿಲ್ಲದವರಿಗೆ ಅದರ ಗೊಡವೆ ಎಲ್ಲಿ ತಿಳಿಯಬೇಕು.

ವಾಪಸ್ಸು ಬರುವಾಗ ನಾನು ಬೇಕೆಂದೇ ಬ್ರೆಂಡನ್‌ನ ಕಾರಿನಲ್ಲಿ ಕೂತೆ. ನಿನ್ನ ತಂದೆಯ ಅಡ್ಡಹೆಸರೇನು ಎಂದು ಕೇಳಿದೆ. ‘ಅವರೂ ಶುಗ್ರೂನೇ. ಸಂಬಂಧ ಇಲ್ಲದ ಬೇರೆ ಮನೆಯವರಂತೆ. ನಾನು ಹುಟ್ಟುವ ಮುಂಚೆಯೇ ತೀರಿಕೊಂಡರು’ ಎಂದ. ಅವರ ಹೆಸರು? ಸ್ವಲ್ಪ ತಡೆದು ‘ಜಾನ್’ ಎಂದ. ಅಕ್ಕ, ಅಪ್ಪನ ಹೆಸರನ್ನು ತಡೆದು ಹೇಳುವ ಮಗನನ್ನು ನಾನು ಕಂಡಿಲ್ಲ. ಅವನ ಕಿವಿ ಗಡ್ಡಕ್ಕಿಂತ ಕೆಂಪಾಗಿತ್ತು.

ಲೈಬ್ರರಿಯ ಅಜ್ಜಿಯನ್ನು ಮತ್ತೆ ಕಂಡೆ. ಅಲ್ಲಿ ಶುಗ್ರೂಗಳು ಬಹಳ, ರಕ್ತಸಂಬಂಧ ಇಲ್ಲದ ಇಬ್ಬರು ಶುಗ್ರೂಗಳು ಮದುವೆಯಾಗಿರಬಹುದು, ಅದರಲ್ಲಿ ವಿಶೇಷವಿಲ್ಲ ಎಂದಳು. ಜಾನ್ ಮತ್ತು ನೋರಾ ಮದುವೆಯನ್ನು ಹುಡುಕಿಕೊಡು ಎಂದೆ. ಹುಡುಕಿದಳು, ಸಿಗಲಿಲ್ಲ. ಕನ್ನಡಕ ತೆಗೆದು, ‘ಇಂಥದ್ದನ್ನು ಯಂತ್ರಕ್ಕೆ ಕೇಳಬಾರದು, ಆ ತಾಯಿಗೇ ಕೇಳಬೇಕು’ ಎಂದಳು. ಅವಳ ದನಿ ನನಗೆ ಹಿಡಿಸಲಿಲ್ಲ.

ತಿಪ್ಪಣ್ಣ


ಬಾಥೆಲ್
21 ಜೂನ್ 2008

ಮಾಮಾ,

ನಿಮ್ಮ ಫೋನ್ ನಾನು ಎತ್ತುತ್ತಿಲ್ಲ. ಎತ್ತಿದರೆ ಕೆಟ್ಟ ಮಾತು ಬರುತ್ತದೆ, ಅದೂ ಗದಗಕ್ಕೆ ವರದಿಯಾಗುತ್ತದೆ. ಅದಕ್ಕೇ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಕಾರಿನಲ್ಲಿ ಅರ್ಧ ಗಂಟೆ ದೂರವಿರುವ ಸೋದರಮಾವನಿಗೆ ಸ್ಟ್ಯಾಂಪ್ ಹಚ್ಚುವ ಗತಿ ಬಂತು.

ಕಾರಿನಲ್ಲಿ ಬ್ರೆಂಡನ್‌ಗೆ ಏನು ಕೇಳಿದಿರಿ ಎಂದು ಅವನೇ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಸಂಕಟ. ‘ನಿಮ್ಮ ಮಾಮಾ ಕೇಳಿದ್ದು, ನಾನು ಹತ್ತು ವರ್ಷದವನಿದ್ದಾಗಿನಿಂದ ಅಮ್ಮನಿಗೆ ಕೇಳಬೇಕು ಅಂತಿದ್ದದ್ದು. ಕೇಳೋ ಧೈರ್ಯ ಆಗಿರಲಿಲ್ಲ’ ಅಂದ. ಮರುದಿನವೇ ಶೋರ್‌ಲೈನಿಗೆ ಹೋದ. ಬಂದಾಗಿನಿಂದ ಬಾಯಿಗೆ ಬೀಗ. ಏನಾಯಿತು ಅಂದರೆ ‘ಆಮೇಲೆ ಹೇಳ್ತೀನಿ’ ಅನ್ನುತ್ತಾನೆ. ಅವನ ಮೇಲೆ ಒಂದು ದಿನವೂ ಅನುಮಾನ ಪಡದಿದ್ದ ನಾನು ಈಗ ಅವನು ಬಚ್ಚಲಿಗೆ ಹೋದಾಗ ಅವನ ಫೋನಿನ ಕಡೆ ನೋಡುತ್ತೇನೆ. ಇದನ್ನು ನನ್ನೊಳಗೆ ಹಚ್ಚಿದವರು ನೀವು.

ನಿಮ್ಮ ಮೇಲೂ ನನಗೆ ಅನುಮಾನವಿದೆ, ಹೇಳಿಬಿಡುತ್ತೇನೆ. ನಿಮ್ಮ ಮಗ ಕಲ್ಮೇಶನಿಗೆ ನನ್ನನ್ನು ತಂದುಕೊಳ್ಳಬೇಕು ಎಂದು ನಿಮಗೆ ಆಸೆ ಇತ್ತು, ನಾನು ಒಲ್ಲೆ ಎಂದೆ. ಕಲ್ಮೇಶ ಪೂರ್ಣಿಮಾಳ ಜೊತೆ ಚೆನ್ನಾಗಿದ್ದಾನೆ, ನಾವಿಬ್ಬರೂ ಅದನ್ನು ಮರೆತು ನಗುತ್ತೇವೆ. ನೀವು ಮರೆತಿದ್ದೀರಾ? ಅಕ್ಕನ ಮಗಳು ಸೊಸೆಯಾಗಲಿಲ್ಲ ಎಂದು ಬೇರೆ ಯಾರ ಸೊಸೆಯೂ ಆಗಬಾರದಾ?

ಸೆಪ್ಟೆಂಬರ್ ಏಳಕ್ಕೆ ಮದುವೆ. ಅವ್ವ ಬರಬೇಕು. ನಾನು ಬೇಡಿಕೊಳ್ಳುವುದಿಲ್ಲ, ಆದರೆ ಬರಬೇಕು. ಅವಳಿಲ್ಲದೆ ಅಕ್ಷತೆ ಬಿದ್ದರೆ ನನ್ನ ಪಾಲಿಗೆ ಅದು ಬರೀ ಅಕ್ಕಿ.

ಸ್ವಪ್ನಾ


ಗದಗ
30 ಜೂನ್ 2008

ತಿಪ್ಪಣ್ಣ,

ಚಮಚ ನಿಂತಿದ್ದು ನಿನ್ನ ಕೈಯಾಗ, ಎದಿ ನಿಂತಿದ್ದು ನಂದು. ಎರಡ ಮಾತು. ಒಂದು, ಅಣ್ಣತಂಗಿ ವರಸಿಯವರು ಮದುವಿ ಆಗ್ಯಾರ. ಇಲ್ಲಂದ್ರ ಮದುವಿನ ಆಗಿಲ್ಲ, ಅಕಿ ತನ್ನ ಹೆಸರು ತಾನ ಮಗಗ ಇಟ್ಟಾಳ. ಮೂರನೇದು ನನಗ ತೋಚವಲ್ದು.

ಒಂದನೇದು ಆಗಿದ್ರ ಆ ಮನಿಗೆ ಮಗಳನ್ನ ಕೊಡೂದಿಲ್ಲ. ಎರಡನೇದು ಆಗಿದ್ರ ಮಂದಿಗೆ ಏನಂತ ಹೇಳ್ಲಿ? ಬೀಗರು ಯಾರು ಅಂದ್ರ ಯಾರ ಕಡೆ ಬಟ್ಟು ಮಾಡಿ ತೋರಿಸ್ಲಿ? ಪಾಸ್‌ಪೋರ್ಟ್ ಬಂದೈತಿ, ವೀಸಾ ಆಗೇತಿ, ಸಣ್ಣ ಮಗ ಟಿಕೆಟ್ ತಗಸ್ತೀನಿ ಅಂತ ದಿನಾ ಕೇಳಾಕತ್ತಾನ. ತಡಿ ಅಂದೀನಿ.

ನೀ ಆ ಹೆಣ್ಮಗಳ ಮನಿಗೆ ಒಬ್ಬನ ಹೋಗಿ ಕೇಳು. ನಿನ್ನ ಉತ್ತರದ ಮ್ಯಾಲ ಎಲ್ಲಾ ಐತಿ.

ಬಸವಣ್ಣೆವ್ವ


ಎಜುಕೇಶನ್ ಹಿಲ್
20 ಜುಲೈ 2008

ಮಗಳೇ ಸ್ವಪ್ನಾ,

ನಿನ್ನ ಪತ್ರ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಕಲ್ಮೇಶನ ವಿಷಯದಲ್ಲಿ ನೀನು ಬರೆದದ್ದು ಪೂರ್ತಿ ಸುಳ್ಳಲ್ಲ, ಅಷ್ಟು ಒಪ್ಪುತ್ತೇನೆ.

ನಿನ್ನೆ ಬಸ್ಸು ಬದಲಿಸಿ ಬದಲಿಸಿ ಶೋರ್‌ಲೈನಿಗೆ ಒಬ್ಬನೇ ಹೋಗಿದ್ದೆ. ಬಾಗಿಲು ತೆರೆದ ನೋರಾ ಅವರು ‘ನೀವು ಬರ್ತೀರಿ ಅಂತ ಗೊತ್ತಿತ್ತು’ ಎಂದರು. ಬ್ರೆಂಡನ್ ಅಲ್ಲೇ ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದ. ಕೈ ಒರೆಸಿಕೊಂಡು ಬಂದು ತಾಯಿಯ ಪಕ್ಕದಲ್ಲಿ ಕೂತ. ನನ್ನದು ಟಿಕೆಟ್ ಹರಿಯುವ ಇಂಗ್ಲಿಷು. ಅವರು ನಿಧಾನವಾಗಿ ಹೇಳಿದರು, ತಿಳಿಯದ್ದನ್ನು ಅವನು ಬಿಡಿಸಿ ಹೇಳಿದ. ಅವನಿಗೆ ತಾಯಿ ಹೇಳಿದ್ದೇ ಹೋದ ತಿಂಗಳು. ನಿನಗೆ ಹೇಳಲು ಬಾಯಿ ತೆರೆದು ತೆರೆದು ಮುಚ್ಚಿಕೊಂಡನಂತೆ. ‘ನಿಮ್ಮ ಭಾಷೆಯಲ್ಲಿ ನೀವೇ ಬರೆಯಿರಿ, ಹುಡುಗಿ ಈ ಮನೆಗೆ ಬರುವವಳು, ಅವಳಿಗೆ ತಿಳಿದಿರಬೇಕು’ ಎಂದರು ನೋರಾ. ಅದಕ್ಕೇ ಬರೆಯುತ್ತಿದ್ದೇನೆ.

ಜಾನ್ ಎಂಬ ಮನುಷ್ಯ ಇರಲೇ ಇಲ್ಲ. ಶಾಲೆಯಲ್ಲಿ ಮಗನಿಗೆ ಕೇಳಿದರೆ ಹೇಳಲು ಒಂದು ಹೆಸರು ಬೇಕಲ್ಲ ಎಂದು ಇವರೇ ಕಟ್ಟಿದ್ದು. ನೋರಾ ಅವರಿಗೆ ಆಗ ಹತ್ತೊಂಬತ್ತು. ಬಸುರಿ ಎಂದು ತಿಳಿದ ಕೂಡಲೇ ಹುಡುಗ ಇಂಗ್ಲೆಂಡಿನ ದಾರಿ ಹಿಡಿದ, ಮತ್ತೆ ಸುದ್ದಿ ಇಲ್ಲ. ಮನೆಯವರು ಇವರನ್ನು ಸನ್ಯಾಸಿನಿಯರು ನಡೆಸುವ ಮನೆಯೊಂದಕ್ಕೆ ಕಳಿಸಲು ನಿಶ್ಚಯಿಸಿದ್ದರು. ಅಲ್ಲಿ ಹೆರಿಗೆ ಮಾಡಿಸಿ ಕೂಸನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರಂತೆ. ತಾಯಿಗೆ ಯಾರಿಗೆ ಕೊಟ್ಟರು ಎಂಬುದೂ ತಿಳಿಯದು.

ಆಗ ಅಣ್ಣ ಮೈಕಲ್ ಬೆಳಗ್ಗೆ ಹಾಲು ಕರೆಯುವ ಮುಂಚೆ ತಂಗಿಯನ್ನು ಎಬ್ಬಿಸಿ, ಹಾಲಿನ ಲಾರಿಯಲ್ಲಿ ಮುಂದೆ ಕೂರಿಸಿಕೊಂಡು ವಿಮಾನ ನಿಲ್ದಾಣದವರೆಗೆ ಬಿಟ್ಟು ಬಂದ. ಇಲ್ಲಿ ದೂರದ ಚಿಕ್ಕಮ್ಮನೊಬ್ಬಳಿದ್ದಳು. ಬೀಳ್ಕೊಡುವಾಗ, ಕೂಸಿಗೆ ಯಾರ ಹೆಸರು ಇಡಲಿ ಎಂದು ತಂಗಿ ಅತ್ತಳಂತೆ. ‘ಶುಗ್ರೂ ನನ್ನೊಬ್ಬನ ಹೆಸರಾ? ನಿನ್ನದೂ ಹೌದು. ನಿನ್ನದನ್ನೇ ಕೊಡು’ ಎಂದನಂತೆ ಅಣ್ಣ. ತಂದೆ ಸಾಯುವವರೆಗೆ ಮೈಕಲ್‌ನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು, ಮಾತಿಲ್ಲ. ತಂಗಿ ಮತ್ತೆ ಊರಿಗೆ ಹೋಗಲಿಲ್ಲ, ಅವನು ಇಲ್ಲಿಗೆ ಬರಲಿಲ್ಲ. ಗೋಡೆಯ ಮೇಲೆ ಅವನ ಫೋಟೋ ಯಾಕಿದೆ ಎಂದು ಈಗ ನಿನಗೂ ತಿಳಿಯಿತು.

ಮಗಳೇ, ನನಗೆ ಬಹಳ ನಾಚಿಕೆಯಾಯಿತು. ಅವನೂ ಸೋದರಮಾವ, ನಾನೂ ಸೋದರಮಾವ. ಅವನು ಹೆಸರು ಕೊಟ್ಟು ಕಳಿಸಿದ, ನಾನು ಆ ಹೆಸರಿನ ಬೆನ್ನು ಹತ್ತಿ ಕ್ಷೌರದಂಗಡಿ ಸುತ್ತಿದೆ. ಕೈ ಮುಗಿದು ಎದ್ದೆ. ನೋರಾ ಅವರು ಬಸ್ಸಿನಲ್ಲಿ ತಿನ್ನಲು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕಟ್ಟಿಕೊಟ್ಟರು.

ನಿನ್ನ ಅವ್ವನಿಗೆ ಏನು ಬರೆಯಬೇಕು ಎಂಬುದನ್ನು ನನಗೆ ಬಿಡು. ನಿಜ ಬರೆದರೆ ಅವಳು ಬರುವುದಿಲ್ಲ. ನೀನೂ ಬಾಯಿ ಬಿಡಬೇಡ.

ನಿನ್ನ ಮಾಮಾ
ತಿಪ್ಪಣ್ಣ


ಎಜುಕೇಶನ್ ಹಿಲ್
21 ಜುಲೈ 2008

ಅಕ್ಕನಿಗೆ ನಮಸ್ಕಾರ.

ನೀನು ಹೇಳಿದಂತೆ ನೋರಾ ಅವರನ್ನು ಕಂಡು ವಿಚಾರಿಸಿದೆ. ಕೆರ್ರಿಯಲ್ಲಿ ಶುಗ್ರೂಗಳದು ಎರಡು ಕವಲು, ಗುಡ್ಡದ ಆಚೆ ಒಂದು, ಈಚೆ ಒಂದು. ತಾಯಿ ಈಚೆಯವರು, ತಂದೆ ಜಾನ್ ಆಚೆಯವರು. ಬೆಡಗು ಬೇರೆ ಬೇರೆ ಇವೆ, ಅನುಮಾನಕ್ಕೆ ಜಾಗವಿಲ್ಲ. ತಂದೆ ಎದೆನೋವಿನಿಂದ ತೀರಿಕೊಂಡರಂತೆ. ಎಲ್ಲ ಸರಿ ಇದೆ. ಟಿಕೆಟ್ ತೆಗೆಸು.

ತಿಪ್ಪಣ್ಣ


ಗದಗ
8 ಆಗಸ್ಟ್ 2008

ತಿಪ್ಪಣ್ಣ,

ಸುಳ್ಳ ಬರದಿ.

ಇಷ್ಟು ವರ್ಷದಾಗ ನೀ ಯಾವ ಮನೆತನಕ್ಕೂ ಒಂದು ಕೊಂಕು ಹಚ್ಚದ ಬಿಟ್ಟಾಂವಲ್ಲ. ನನ್ನ ಗಂಡನ ಮನಿ ನೋಡಾಕ ಹೋದಾಗ ನೀ ಇನ್ನ ಹುಡುಗ, ಆಗ ಸೈತ ‘ಎಲ್ಲಾ ಚಲೋ ಐತಿ, ಎಮ್ಮಿ ಕೋಡು ವಾರಿ ಅದಾವ’ ಅಂದಿದ್ದಿ. ಈ ಪತ್ರದಾಗ ಚಹಾ ಹ್ಯಾಂಗಿತ್ತು ಇಲ್ಲ, ಆ ಹೆಣ್ಮಗಳ ಮಾರಿ ಹ್ಯಾಂಗಿತ್ತು ಇಲ್ಲ. ಎರಡು ಕವಲು ಅಂತ, ಗುಡ್ಡ ಅಂತ. ಆ ಹುಡುಗಗ ಅಪ್ಪ ಇಲ್ಲ, ಹೌದಲ್ಲೊ? ಅಕಿಗೆ ಮದುವಿ ಆಗಿಲ್ಲ.

ಮೊದಲ ಸಿಟ್ಟು ಬಂತು. ಅಕ್ಕಗ ಸುಳ್ಳು ಹೇಳೂವಷ್ಟು ದೊಡ್ಡಾಂವ ಆದ್ಯಾ ಅಂತ ಸಾರಿನ ಸೌಟು ಒಗದೆ. ಆಮ್ಯಾಲ ರೊಟ್ಟಿ ಬಡಿಯೂ ಮುಂದ ನಿನ್ನ ಮಾತು ಮತ್ತ ಮತ್ತ ನೆನಪಾತು. ‘ಬೆಡಗು ಬ್ಯಾರೆ ಬ್ಯಾರೆ ಅದಾವ, ಅನುಮಾನಕ್ಕ ಜಾಗ ಇಲ್ಲ.’ ಇದನ್ನ ನಾ ಮೊದಲ ಕೇಳೀನಿ.

ನಿನಗ ಗೊತ್ತಿಲ್ಲ, ಈಗ ಹೇಳತೀನಿ. ನಮ್ಮಪ್ಪನ ಅಪ್ಪ ಪ್ಲೇಗಿನ್ಯಾಗ ಸತ್ತ ಅಂತ ನಿನಗ ಹೇಳ್ಯಾರ. ಅಂಥಾ ಮನಷ್ಯಾನ ಇರಲಿಲ್ಲ. ಅಪ್ಪನ ಅವ್ವ ಸಿದ್ದಮ್ಮ ಆಯಿ ಹಗೇದಾರ ಮನಿ ಮಗಳು, ಸೊಸಿ ಅಲ್ಲ. ಅಕಿ ಅಪ್ಪಗ ಗಂಡು ಸಂತಾನ ಇರಲಿಲ್ಲ. ಆಗಿನ ಕಾಲದಾಗ ಅಂಥಾ ಮನಿಯವರು ಒಬ್ಬ ಮಗಳನ್ನ ಬಸವಿ ಬಿಡತಿದ್ರು. ಅಕಿಗೆ ಮದುವಿ ಇಲ್ಲ, ತವರಮನಿಯಾಗ ಇದ್ದು ಹಡದು ಮನಿ ಹೆಸರು ಉಳಸಬೇಕು. ಆಯಿ ಉಳಸಿದ್ಲು. ನೀ ಹಗೇದಾರ ಅಂತ ಎಲ್ಲೆಲ್ಲಿ ಸಹಿ ಮಾಡಿಯಲ್ಲ, ಅದು ಅಕಿ ಕೊಟ್ಟಿದ್ದು.

ಹೆಳವರ ಮುದುಕ ವರ್ಷಾ ಎತ್ತಿನ ಮ್ಯಾಲ ಬಂದು ಕಟ್ಟಿ ಮ್ಯಾಲ ಕುಂತು ನಮ್ಮ ವಂಶ ಹಾಡತಿದ್ದ, ನೆನಪೈತೇನು? ಒಂದು ಕಡೆ ಬಂದ ಕೂಡಲೆ ನಿಂದರಿಸಿ ನೀರು ಕೇಳತಿದ್ದ. ಕುಡದು, ಅಪ್ಪನ ಹೆಸರಿನಿಂದ ಮುಂದ ಚಾಲೂ ಮಾಡತಿದ್ದ. ‘ಮುದುಕಗ ಅಲ್ಲೇ ಯಾಕ ನೀರಡಿಕಿ ಆಗತೈತಿ’ ಅಂತ ನೀನ ನಗತಿದ್ದಿ. ಆಯಿ ಅವಗ ಮೊರ ತುಂಬಿ ಜ್ವಾಳ ಹಾಕತಿದ್ಲು. ಅಂವ ನೀರು ಕುಡಿಯೂ ಜಾಗದಾಗ ಇದ್ದಾಕಿ ಆಯಿ.

ನನ್ನ ಮದುವಿ ಮಾತಿನ್ಯಾಗ ರೋಣದಿಂದ ಒಬ್ಬ ಹಿರ್ಯಾ ವಿಚಾರಣಿಗೆ ಬಂದಿದ್ದ. ಆಯಿ ಕೂಡ ಪಡಸಾಲ್ಯಾಗ ಕುಂತು ಬಹಳ ಹೊತ್ತು ಮಾತಾಡಿದ. ಆಯಿ ಸುಳ್ಳು ಹೇಳಲಿಲ್ಲ, ಇದ್ದದ್ದು ಇದ್ದಂಗ ಹೇಳಿದ್ಲು. ಅಂವ ವಾಪಸ್ ಹೋಗಿ ಬೀಗರಿಗೆ ಹೇಳಿದ್ದು ಅದ ಮಾತು, ಬೆಡಗು ಬ್ಯಾರೆ ಬ್ಯಾರೆ ಅದಾವ, ಅನುಮಾನಕ್ಕ ಜಾಗ ಇಲ್ಲ. ನಾ ಆಯಿ ಕಾಲು ತಿಕ್ಕೂ ಮುಂದ ಇದನ್ನ ಅಕಿನ ನನಗ ಹೇಳಿ, ಬಾಯಿ ಮ್ಯಾಲ ಕೈ ಇಟ್ಲು. ಇವತ್ತಿನ ತನಕ ನಾನೂ ತಗದಿರಲಿಲ್ಲ.

ಆ ಮನಷ್ಯಾನ ಸುಳ್ಳಿನ ಮ್ಯಾಲ ನನ್ನ ಸಂಸಾರ ನಿಂತೈತಿ, ಸ್ವಪ್ನಾ ಹುಟ್ಯಾಳ. ಅಂವ ಪುಣ್ಯಾತ್ಮ, ನೀನೂ ಹಂಗ ಮಾಡಾಕ ಹ್ವಾದಿ, ತಿಳೀತೈತಿ. ಆದ್ರ ನನಗ ಈಗ ಸುಳ್ಳು ಬ್ಯಾಡ. ನಾ ನೋರಾನ ಬಗ್ಗೆ ಬರದದ್ದೆಲ್ಲಾ ಆಯಿಗೆ ಬರದಂಗ ಆತು.

ಟಿಕೆಟ್ ತಗಸೀನಿ. ಲಗ್ನಪತ್ರಿಕಾದಾಗ ‘ನೋರಾ ಶುಗ್ರೂ ಅವರ ಮಗ’ ಅಂತ ಹಾಕಸ್ರಿ, ಅಷ್ಟ ಸಾಕು. ಸತ್ತ ಜಾನ್ ಬ್ಯಾಡ. ಆ ಮೈಕಲ್ಲಗ ಹ್ಯಾಂಗರ ಮಾಡಿ ಕರೆ ಕಳಸ್ರಿ. ವರಗ ಬಾಸಿಂಗ ಕಟ್ಟಾಕ ಸೋದರಮಾವ ಬೇಕು. ಬರೂ ಶಕ್ತಿ ಇಲ್ಲಂದ್ರ ಅವನ ಫೋಟೋ ಗ್ವಾಡಿಯಿಂದ ಇಳಿಸಿ ತಂದು ಮುಂದಿನ ಕುರ್ಚಿ ಮ್ಯಾಲ ಇಡ್ರಿ.

ಅಕ್ಷತಿ ಹಾಕೂ ಮುಂದ ನನ್ನನ್ನ ನೋರಾನ ಬಾಜೂಕ ಕುಂದರಿಸು. ಭಾಷಾ ಬರೂದಿಲ್ಲ ಅಂತ ಚಿಂತಿ ಮಾಡಬ್ಯಾಡ. ಅಕಿ ಏನ ಹೇಳಿದ್ರೂ ನನಗ ಹೆಂಗೂ ಕೇಳಂಗಿಲ್ಲ.

ಬರಾಕತ್ತೀನಿ.

ಸಿದ್ದಮ್ಮನ ಮೊಮ್ಮಗಳು
ಬಸವಣ್ಣೆವ್ವ